ಮಗುಚಿಟ್ಟ ಏಳನೆಯ ಹಾಳೆ

ನಮ್ಮ ಮನೆಯಲ್ಲಿ ಯಾರಾದರೂ ಅಂಗಿಯನ್ನು ಒಳಹೊರಗು ಮಾಡಿ ತೊಟ್ಟುಕೊಂಡರೆ "ಏಳನೇದಾಯ್ತು ನೋಡು" ಎನ್ನುತ್ತೇವೆ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಹೋದರೂ ಅದೇ ಮಾತು, ಹೊದಿಕೆ ಹಿಂದುಮುಂದಾದರೂ ಅದೇ ಮಾತು. ಮದುವೆಯಾಗಿ ನಮ್ಮ ಮನೆಗೆ ಬಂದವರಿಗೆ ಮೊದಲ ವಾರ ಇದು ಅರ್ಥವಾಗುತ್ತಿರಲಿಲ್ಲ. ಎರಡನೆಯ ವಾರ ಯಾರಾದರೂ ಬಾಗಿಲು ಹಾಕಿಕೊಂಡು, ದನಿ ತಗ್ಗಿಸಿ, ವಿಷಯ ಹೇಳಿಬಿಡುತ್ತಿದ್ದರು. ಹೊರಗಿನವರಿಗೆ ಮಾತ್ರ ಹೇಳುವಂತಿರಲಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ನಮ್ಮದು ಹೋದದ್ದು ಒಂದು ಕಾಗದದಿಂದ.

ನಾನು ನಮ್ಮೂರಿನ ಹಳೇ ಗಾಲ್ಫ್ ಮೈದಾನದ ಹುಲ್ಲು ನೋಡಿಕೊಳ್ಳುವವಳು. ನನಗಿಂತ ಮೊದಲು ಅಪ್ಪ ನೋಡಿಕೊಳ್ಳುತ್ತಿದ್ದ, ಅಪ್ಪನಿಗಿಂತ ಮೊದಲು ತಾತ. ಕೆಲಸದವರು ಬೆನ್ನ ಹಿಂದೆ ನನ್ನನ್ನು ಹುಲ್ಲಮ್ಮ ಎನ್ನುತ್ತಾರೆ, ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ನನ್ನ ಬಾಯಿ ಸ್ವಲ್ಪ ಜೋರು. ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಗ್ರೀನ್ ಮೇಲೆ ಕಾಲಿಟ್ಟವರು ಯಾರೇ ಆಗಲಿ, ಮುಖ ನೋಡುವುದಿಲ್ಲ, ಕಾಲು ನೋಡಿ ಬೈಯುತ್ತೇನೆ. ಹಾಗೆ ಬೈಸಿಕೊಂಡವರಲ್ಲಿ ಒಬ್ಬರು ಮೈದಾನ ನಡೆಸುವ ಹೋಟೆಲಿನ ಹೊಸ ಮ್ಯಾನೇಜರ ಹೆಂಡತಿ ಎಂದು ಆಮೇಲೆ ತಿಳಿಯಿತು. ಆದರೂ ಬೈದದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ, ಏಕೆಂದರೆ ಅವರ ಹಿಮ್ಮಡಿಯ ತೂತು ಮುಚ್ಚಲು ನನಗೆ ಒಂಬತ್ತು ದಿನ ಹಿಡಿಯಿತು.

ಗ್ರೀನ್ ಎಂದರೆ ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ ಜಾಗ. ಕುಳಿ ದಿನವೂ ಒಂದೇ ಕಡೆ ಇದ್ದರೆ ಅದರ ಸುತ್ತ ಹುಲ್ಲು ಸವೆದುಹೋಗುತ್ತದೆ. ಅದಕ್ಕೇ ಬೆಳಗಾಗುತ್ತಲೇ ದುಂಡನೆಯ ಕತ್ತರಿಯಿಂದ ಬೇರೆ ಕಡೆ ಹೊಸ ಕುಳಿ ತೆಗೆದು, ಅದರಿಂದ ಬಂದ ಹುಲ್ಲಿನ ಗಡ್ಡೆಯನ್ನು ನಿನ್ನೆಯ ಕುಳಿಗೆ ತುಂಬಿ, ಅಂಗೈಯಿಂದ ಒತ್ತಬೇಕು. ಸರಿಯಾಗಿ ಒತ್ತಿದರೆ ನಿನ್ನೆ ಅಲ್ಲಿ ಕುಳಿಯಿತ್ತು ಎಂದು ದೇವರಿಗೂ ಗೊತ್ತಾಗಬಾರದು. ಮೂರು ತಲೆಮಾರಿನಿಂದ ನಮ್ಮ ಮನೆಯವರ ಬೆಳಗು ಶುರುವಾಗುವುದು ಹೀಗೆ.

ನಮ್ಮೂರಿಗೆ ಜನ ಮೊದಲು ಬಂದದ್ದು ಆಟಕ್ಕಲ್ಲ, ಕಾಯಿಲೆಗೆ. ಇಲ್ಲಿನ ನೆಲದಲ್ಲಿ ಎಲ್ಲಿ ನೋಡಿದರೂ ಊಟೆ, ತಾನಾಗಿಯೇ ಉಕ್ಕುವ ನೀರು. ಆ ನೀರಿಗೆ ಕಬ್ಬಿಣದ ರುಚಿ, ಅದನ್ನು ಕುಡಿದರೆ ಹೊಟ್ಟೆ ಸರಿಯಾಗುತ್ತದೆ ಎಂದು ಯಾರೋ ವೈದ್ಯರು ಬರೆದರು. ನೀರು ಕುಡಿದು ದಿನಕ್ಕೆ ನಾಲ್ಕು ಮೈಲಿ ನಡೆಯಬೇಕು ಎಂದೂ ಬರೆದರು. ಬಂದ ಶ್ರೀಮಂತರು ನೀರು ಕುಡಿದರು, ನಡೆಯಲಿಲ್ಲ. ವರಾಂಡದಲ್ಲಿ ಕುಳಿತು ಒಬ್ಬರ ಕಾಯಿಲೆ ಇನ್ನೊಬ್ಬರು ಕೇಳಿಕೊಂಡರು. ಹೋಟೆಲು ಕಟ್ಟಿಸಿದ ಯಜಮಾನರು ಜಾಣರು. ಸುಮ್ಮನೆ ನಡೆ ಎಂದರೆ ಯಾರೂ ನಡೆಯುವುದಿಲ್ಲ, ಕೈಗೊಂದು ಕೋಲು ಕೊಟ್ಟು ಚೆಂಡು ಎಲ್ಲೋ ಹೋಯಿತು ಹುಡುಕು ಎಂದರೆ ನಾಲ್ಕಲ್ಲ, ಆರು ಮೈಲಿ ನಡೆಯುತ್ತಾರೆ ಎಂದು ಅವರಿಗೆ ಹೊಳೆಯಿತು. ಹಾಗೆ ಹುಟ್ಟಿದ್ದು ಒಂಬತ್ತು ಕುಳಿಯ ನಮ್ಮ ಹಳೇ ಮೈದಾನ.

ಆಮೇಲೆ ಕೆರೆಯ ಪಕ್ಕದಲ್ಲೊಂದು, ಗುಡ್ಡದ ಮೇಲೊಂದು ದೊಡ್ಡ ಮೈದಾನಗಳು ಬಂದವು, ಒಂದೊಂದರಲ್ಲೂ ಹದಿನೆಂಟು ಕುಳಿ. ಕೆರೆಯದು ಫೋಟೊ ತೆಗೆಸಿಕೊಳ್ಳುವವರಿಗೆ, ಗುಡ್ಡದ್ದು ಮೊಣಕಾಲು ಗಟ್ಟಿ ಇರುವವರಿಗೆ. ನಮ್ಮದಕ್ಕೆ ಉಳಿದವರೆಲ್ಲ ಬರುತ್ತಾರೆ. ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾರೆ, ಹಲ್ಲಿನ ಡಾಕ್ಟರೂ ನಲ್ಲಿ ರಿಪೇರಿಯವನೂ ಒಟ್ಟಿಗೆ ಆಡುತ್ತಾರೆ, ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಾರೆ. ಎಷ್ಟೋ ಜನ ದೂರದಿಂದ ಬರುವುದು ಏಳನೆಯ ಕುಳಿ ಒಂದಕ್ಕೇ.

ಅಲ್ಲಿ ಇಡೀ ಇಳಿಜಾರು ಬಲಕ್ಕೆ, ಹಳ್ಳದ ಕಡೆಗೆ ವಾಲಿದೆ. ಮರಗಳೂ ಹಾಗೇ ವಾಲಿವೆ. ಗ್ರೀನ್ ಮೇಲೆ ನಿಂತವರ ಕಣ್ಣು ಚೆಂಡು ಬಲಕ್ಕೆ ಉರುಳುತ್ತದೆ ಎಂದು ಆಣೆ ಮಾಡಿ ಹೇಳುತ್ತದೆ. ಚೆಂಡು ಎಡಕ್ಕೆ ಹೋಗುತ್ತದೆ. ನಲವತ್ತು ವರ್ಷ ಆಡಿದವರದ್ದೂ ಎಡಕ್ಕೇ ಹೋಗುತ್ತದೆ, ಅವರಿಗೆ ಅದು ಗೊತ್ತಿದ್ದೂ ಕಣ್ಣಿನ ಮಾತು ಕೇಳಿ ಕೆಡುತ್ತಾರೆ. ಹೋಟೆಲಿನ ಪುಸ್ತಿಕೆಯಲ್ಲಿ ಇದಕ್ಕೊಂದು ಪುಟವೇ ಇದೆ: ಮೈದಾನದ ನಕ್ಷೆ ಬರೆದ ಮಹಾನುಭಾವರ ಕುಶಲತೆಗೆ ಏಳನೆಯದೇ ಸಾಕ್ಷಿ, ಹೀಗೆ ಕಣ್ಣನ್ನು ಮೋಸಗೊಳಿಸಲು ಅವರಿಗೊಬ್ಬರಿಗೇ ಸಾಧ್ಯ, ಇತ್ಯಾದಿ. ಆ ಪುಸ್ತಿಕೆ ಮನೆಗೆ ಬಂದಾಗಲೆಲ್ಲ ಅಪ್ಪ ಅದನ್ನು ಕೆಳಮುಖ ಮಾಡಿ ಇಟ್ಟುಬಿಡುತ್ತಿದ್ದ.

ಏಕೆಂದರೆ ಏಳನೆಯದು ನನ್ನ ತಾತನ ತಪ್ಪು.

ತಾತ ಬಾವಿ ತೋಡುವವನು. ಮಣ್ಣು ಬಲ್ಲವನು ಬೇಕೆಂದು ಅವನನ್ನು ಮೈದಾನದ ಮೇಸ್ತ್ರಿ ಮಾಡಿದರು. ನಕ್ಷೆಯ ಮಹಾನುಭಾವರು ಎರಡು ದಿನ ಬಂದು, ಟೋಪಿ ಹಾಕಿಕೊಂಡು ಓಡಾಡಿ, ಒಂಬತ್ತು ಗ್ರೀನ್‌ಗಳಿಗೆ ಒಂಬತ್ತು ಟ್ರೇಸಿಂಗ್ ಹಾಳೆ ಬರೆದುಕೊಟ್ಟು ಮುಂದಿನ ಊರಿಗೆ ಹೊರಟುಹೋದರು. ಆ ಹಾಳೆ ಎಣ್ಣೆ ಸವರಿದ ಹಾಗೆ ತೆಳ್ಳಗೆ ಇರುತ್ತದೆ. ಯಾವ ಕಡೆಯಿಂದ ನೋಡಿದರೂ ಗೆರೆ ಕಾಣುತ್ತದೆ. ಅಕ್ಷರ ಬಲ್ಲವರಿಗೆ ಅಕ್ಷರ ತಿರುಗಾಮುರುಗಾ ಕಂಡು ಹಾಳೆ ಮಗುಚಿದೆ ಎಂದು ತಿಳಿಯುತ್ತದೆ. ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಗೆರೆ ಹತ್ತಿರ ಇದ್ದರೆ ಕಡಿದು, ದೂರ ಇದ್ದರೆ ಸಮ ಎಂದು ಯಾರೋ ಅರ್ಧ ದಿನ ಹೇಳಿಕೊಟ್ಟಿದ್ದರು, ಅಷ್ಟೇ. ಆರು ಗ್ರೀನ್ ಸರಿಯಾಗಿ ಮಾಡಿದವನು ಏಳನೆಯ ಹಾಳೆಯನ್ನು ಬೋರಲು ಹಾಕಿಕೊಂಡು ಕೆಲಸ ಮಾಡಿದ. ಎಡ ಬಲವಾಯಿತು, ಬಲ ಎಡವಾಯಿತು.

ಮೈದಾನ ತೆರೆಯುವ ಹಿಂದಿನ ದಿನ ಮಹಾನುಭಾವರು ಬಂದು ನೋಡಿ ಕೆಂಪಾದರಂತೆ. ತಾತ ಎಲ್ಲರ ಮುಂದೆ ತಲೆಯ ವಸ್ತ್ರ ತೆಗೆದು, ಓದು ಬಾರದ ಮುಂಡೇದು ಸ್ವಾಮಿ, ಹಾಳೆ ಮಗುಚಿ ಹಿಡಿದುಬಿಟ್ಟೆ ಎಂದನಂತೆ. ನಿಂತವರೆಲ್ಲ ಹೊಟ್ಟೆ ಹಿಡಿದು ನಕ್ಕರಂತೆ. ಮಾರನೆಯ ದಿನ ಅತಿಥಿಗಳು ಬರುವವರಿದ್ದರು, ಕಿತ್ತು ಕಟ್ಟಲು ಹೊತ್ತಿರಲಿಲ್ಲ. ಅತಿಥಿಗಳು ಆಡಿದರು, ಸೋತರು, ಖುಷಿಪಟ್ಟರು, ಮಹಾನುಭಾವರ ಬೆನ್ನು ತಟ್ಟಿದರು. ಬೆನ್ನು ತಟ್ಟಿದರೆ ಬೇಡ ಎನ್ನುವವರು ಯಾರು? ಅವರು ಸುಮ್ಮನಾದರು. ಹಾಳೆ ಮಾತ್ರ ತಾತನ ಹತ್ತಿರವೇ ಉಳಿಯಿತು, 'ಮಗುಚು ಮೇಸ್ತ್ರಿ' ಎಂಬ ಹೆಸರೂ ಅವನಿಗೇ ಉಳಿಯಿತು.

ನಕ್ಕವರೆಲ್ಲ ಕಾಲಕ್ರಮದಲ್ಲಿ ಸತ್ತರು, ಊರು ಮರೆಯಿತು. ಅಪ್ಪ ಮರೆಯಲಿಲ್ಲ. ಅಪ್ಪ ಶಾಲೆಗೆ ಸೇರಿದ ಮೊದಲ ವರ್ಷ ಮೇಷ್ಟರು ಅವನ ಕೈಗೆ ಪುಸ್ತಕ ಕೊಡುವಾಗ, ಸರಿಯಾಗಿ ಹಿಡಿದುಕೋ, ನಿಮ್ಮಪ್ಪನ ಹಾಗಲ್ಲ ಎಂದರಂತೆ. ಎಪ್ಪತ್ತು ವರ್ಷ ಆದಮೇಲೂ ಅಪ್ಪ ಪೇಪರ್ ಓದುವ ಮೊದಲು ಒಮ್ಮೆ ಮೇಲೆ ಕೆಳಗೆ ನೋಡಿಯೇ ಬಿಡಿಸುವುದು.

ನನಗೆ ತಾತ ಚೆನ್ನಾಗಿ ನೆನಪಿದ್ದಾನೆ. ಅವನು ಹೋದಾಗ ನನಗೆ ಹತ್ತು ವರ್ಷ. ಒಂದು ಸಲ ಧೈರ್ಯ ಮಾಡಿ, ತಾತ, ನಿಜವಾಗಲೂ ನಿನಗೆ ಗೊತ್ತಾಗಲಿಲ್ಲವಾ ಎಂದು ಕೇಳಿದ್ದೆ. ಅವನು ಸಿಟ್ಟಾಗಲಿಲ್ಲ. ಅಲ್ಲಿ ಯಾವತ್ತಾದರೂ ನೀರು ನಿಂತದ್ದು ನೋಡಿದ್ದೀಯಾ ಎಂದು ತಿರುಗಿ ಕೇಳಿದ. ಇಲ್ಲ ಎಂದೆ. ಸರಿ, ಹೋಗಿ ಆಡಿಕೋ ಎಂದ. ಮುದುಕ ಮಾತು ಮರೆಸುತ್ತಿದ್ದಾನೆ ಎಂದುಕೊಂಡೆ.

ಈ ವರ್ಷ ಹಳೇ ಮೈದಾನಕ್ಕೆ ಎಂಬತ್ತು ತುಂಬಿತು. ಅದನ್ನು ಮೊದಲಿನ ನಕ್ಷೆಯಲ್ಲಿ ಹೇಗಿತ್ತೋ ಹಾಗೆ ಸರಿಮಾಡುವುದೆಂದು ಹೋಟೆಲಿನವರು ತೀರ್ಮಾನಿಸಿ, ಹೊರಗಿನಿಂದ ಒಬ್ಬರನ್ನು ಕರೆಸಿದರು. ಇಂಥ ಮೈದಾನಗಳ ನಕ್ಷೆ ಮಾಡುವುದೇ ಅವರ ವೃತ್ತಿ. ಮೂವತ್ತೈದರ ಹೆಂಗಸು, ಯಾವಾಗಲೂ ಕೆಸರು ಮೆತ್ತಿದ ಬೂಟು. ನಾವೆಲ್ಲ ಅವರನ್ನು ನಕ್ಷೆ ಮೇಡಂ ಎಂದೆವು. ಬೂಟು ಸಪಾಟಾಗಿದ್ದದ್ದರಿಂದ ನನಗೆ ಅವರ ಮೇಲೆ ದೂರೇನೂ ಇರಲಿಲ್ಲ.

ಹೋಟೆಲಿನ ಆಫೀಸಿನಲ್ಲಿ ಎಂಟು ಹಾಳೆ ಸಿಕ್ಕಿದ್ದವು, ಏಳನೆಯದು ಇರಲಿಲ್ಲ. ಆದರೆ ಮಹಾನುಭಾವರ ಮನೆಯವರು ಅವರದೊಂದು ಹಳೇ ನೋಟ್‌ಬುಕ್ಕು ಕಳಿಸಿಕೊಟ್ಟಿದ್ದರು. ಅದರಲ್ಲಿ ಒಂದು ಸಾಲು: ಏಳನೆಯದು ಬಲಕ್ಕೆ ಇಳಿಯಬೇಕು, ತಗ್ಗು ಹಳ್ಳದ ಕಡೆಗೆ. ನಕ್ಷೆ ಮೇಡಂ ಆ ಸಾಲು ಹಿಡಿದುಕೊಂಡು ನಾನು ಹುಲ್ಲಿನ ಮಿಷನ್ನಿನ ಬ್ಲೇಡು ಮಸೆಯುತ್ತಿದ್ದ ಶೆಡ್ಡಿಗೆ ಬಂದರು. ಆಮೇಲೆ ಯಾರೋ ಇದನ್ನು ಕೆಡಿಸಿದ್ದಾರೆ, ಯಾರಿರಬಹುದು ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಕೇಳದಿದ್ದ ಪ್ರಶ್ನೆಗೂ ನಾನು ಉತ್ತರ ಕೊಟ್ಟೆ: ನಮ್ಮ ಮನೆಯವರಂತೂ ಅಲ್ಲ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಗುರುವಾರ ಜೆಸಿಬಿ ಬರುತ್ತದೆ, ಏಳನೆಯದನ್ನು ನೋಟ್‌ಬುಕ್ಕಿನಂತೆ ತಿರುಗಿಸಿ ಕಟ್ಟುತ್ತೇವೆ ಎಂದು ಹೇಳಿ ಹೋದರು.

ಬ್ಲೇಡು ಕೈಯಲ್ಲೇ ಉಳಿಯಿತು. ಆ ಹುಲ್ಲನ್ನು ತಾತ ಹಾಸಿದ್ದ, ಅಪ್ಪ ಬೆಳೆಸಿದ್ದ, ನಾನು ಇಪ್ಪತ್ತಾರು ವರ್ಷ ಅದರ ಮೇಲೆ ಮಂಡಿಯೂರಿದ್ದೆ. ತಪ್ಪೋ ಒಪ್ಪೋ, ಅದು ಹೋದರೆ ನನ್ನ ಪಾಲಿಗೆ ಮೈದಾನವೇ ಹೋದಂತೆ. ಹೇಗಾದರೂ ಮಾಡಿ ತಡೆಯಬೇಕು ಎಂದುಕೊಂಡು ಮನೆಗೆ ಬಂದೆ.

ಅಪ್ಪ ಊಟದ ಮೇಜಿನ ಹತ್ತಿರ ಕುಳಿತು ಕನ್ನಡಕ ಒರೆಸುತ್ತಿದ್ದ. ವಿಷಯ ಹೇಳಿದೆ. ನನ್ನ ಹಾಗೆ ಅವನೂ ಕುದಿಯುತ್ತಾನೆ, ನಾಳೆ ಮ್ಯಾನೇಜರ ಹತ್ತಿರ ಇಬ್ಬರೂ ಹೋಗಿ ಜಗಳ ಆಡಬಹುದು ಎಂದುಕೊಂಡಿದ್ದೆ. ಅವನು ಕನ್ನಡಕ ಹಾಕಿಕೊಂಡು ಒಳಗೆ ಹೋಗಿ, ಪೆಟ್ಟಿಗೆಯ ತಳದಿಂದ ಆ ಹಾಳೆಯ ಸುರುಳಿ ತಂದು ಮೇಜಿನ ಮೇಲಿಟ್ಟ.

"ಇದನ್ನ ಆಕೆಗೆ ಕೊಟ್ಬಿಡೋಣ," ಎಂದ.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕೊಟ್ಟರೆ ನಾವೇ ನಮ್ಮ ಕೈಯಾರೆ ಜೆಸಿಬಿ ಓಡಿಸಿದ ಹಾಗೆ ಎಂದೆ.

"ಓಡಿಸ್ಲಿ ಬಿಡು. ಎಂಬತ್ತು ವರ್ಷ ಆಯ್ತು ಕಣೇ. ನಾನು ಕಣ್ಣು ಮುಚ್ಚೋದ್ರೊಳಗೆ ಒಂದ್ಸಲ ಅದು ಸರಿ ಆಗ್ಲಿ. ದಿನಾ ಬೆಳಗ್ಗೆ ಅಲ್ಲಿ ಕುಳಿ ತೆಗೀವಾಗ ನಂಗೆ ಆ ಮೇಷ್ಟ್ರು ಮಾತೇ ಕೇಳಿಸ್ತಿತ್ತು."

"ಸರಿ ಮಾಡೋಕೆ ಅದು ಕೆಟ್ಟಿದ್ರೆ ತಾನೆ? ಅಷ್ಟು ಜನ ಅದಕ್ಕೋಸ್ಕರಾನೇ ಬರ್ತಾರೆ."

"ಜನ ಬರ್ತಾರೆ. ನಮ್ಮಪ್ಪನ್ನ ನೋಡಿ ನಕ್ಕಿದ್ದು ಹೋಗುತ್ತಾ?"

ಇಷ್ಟು ವರ್ಷ ಅಂಗಿ ತಿರುಗಿದಾಗಲೆಲ್ಲ ನಾವು ನಗುತ್ತಿದ್ದೆವಲ್ಲ, ಆಗ ಅಪ್ಪನೂ ನಗುತ್ತಿದ್ದ. ಅದು ಅವನಿಗೆ ಎಷ್ಟು ನೋಯುತ್ತಿತ್ತು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ನನ್ನ ಮೇಲೇ ನನಗೆ ಸಿಟ್ಟು ಬಂತು. ಹಾಳೆ ಅವನ ಅಪ್ಪನದು, ಕೊಡುವುದು ಬಿಡುವುದು ಅವನದೇ ಮಾತು. ಮುಖ ಊದಿಸಿಕೊಂಡೇ ಬೆಳಗ್ಗೆ ಅವನ ಜೊತೆ ಹೋದೆ.

ನಕ್ಷೆ ಮೇಡಂ ಕೈ ಒರೆಸಿಕೊಂಡು ಹಾಳೆ ಬಿಡಿಸಿದರು. ಅಪ್ಪ ನಿಂತುಕೊಂಡೇ, ಪಾಠ ಒಪ್ಪಿಸುವವನ ಹಾಗೆ, ಹಾಳೆ ಮಗುಚಿದ ಕತೆ ಹೇಳಿದ. ನಗುತ್ತಾರೆ ಎಂದು ನಾನು ಕಾದೆ. ನಕ್ಕರೆ ಏನು ಹೇಳಬೇಕೆಂದು ಸಿದ್ಧ ಮಾಡಿಕೊಂಡೂ ಇದ್ದೆ. ಅವರು ನಗಲಿಲ್ಲ. ಹಾಳೆಯನ್ನು ಬೋರಲು ಹಾಕಿ ಹಲಗೆಗೆ ಪಿನ್ನು ಚುಚ್ಚಿ, ಟೇಪು ಹಿಡಿದು ಏಳನೆಯದಕ್ಕೆ ನಡೆದರು. ಮಧ್ಯಾಹ್ನದವರೆಗೆ ಅಳೆದರು, ಟೇಪಿನ ಇನ್ನೊಂದು ತುದಿ ನಾನು ಹಿಡಿದಿದ್ದೆ. ಒಂದು ಉಬ್ಬೂ ತಪ್ಪಿರಲಿಲ್ಲ, ಒಂದು ತಗ್ಗೂ ತಪ್ಪಿರಲಿಲ್ಲ. ಎಲ್ಲವೂ ಎಡ ಬಲ ತಿರುಗಿತ್ತು, ಆದರೆ ಎರಡು ಬೆರಳಿನಷ್ಟೂ ಆಚೀಚೆ ಇರಲಿಲ್ಲ. ನಾನು ಇಂಥ ಮೂವತ್ತು ಮೈದಾನ ನೋಡಿದ್ದೇನೆ, ಓದಿದವರು ಕಟ್ಟಿದ್ದೂ ಹೀಗಿಲ್ಲ ಎಂದರು ಮೇಡಂ. ಅಪ್ಪನ ಮುಖ ಸ್ವಲ್ಪ ಸಡಿಲಾಯಿತು. ಆದರೂ ಒಪ್ಪಿಕೊಂಡ ಕೆಲಸ ಒಪ್ಪಿಕೊಂಡ ಕೆಲಸ. ಗುರುವಾರದ ಜೆಸಿಬಿ ರದ್ದಾಗಲಿಲ್ಲ.

ಬುಧವಾರ ಇಡೀ ದಿನ ನಾನು ಬಲಮಗ್ಗುಲಿನ ಹುಲ್ಲನ್ನು ಚಚ್ಚೌಕ ಚಚ್ಚೌಕವಾಗಿ ಕತ್ತರಿಸಿ, ಬೇರಿನ ಸಮೇತ ಎತ್ತಿ, ಮರದ ನೆರಳಿನಲ್ಲಿ ಒದ್ದೆ ಗೋಣಿ ಹೊದಿಸಿ ಇಟ್ಟೆ. ಕೆಲಸದವರು ಮಾಡುತ್ತೇವೆ ಎಂದರು, ಬಿಡಲಿಲ್ಲ. ಪ್ರತಿ ತುಂಡಿನ ಮೇಲೆ ಅದರ ಜಾಗದ ಗುರುತಿನ ಕಡ್ಡಿ ಚುಚ್ಚಿದೆ. ಕಿತ್ತು ಎಸೆಯುವ ಹುಲ್ಲಿಗೆ ಇಷ್ಟು ಉಪಚಾರ ಏಕೆಂದು ಮ್ಯಾನೇಜರು ಕೇಳಿದಾಗ, ಎಸೆಯುವವರು ನೀವು, ಎತ್ತುವವಳು ನಾನು ಎಂದೆ. ಅವರಿಗೆ ಹೆಂಡತಿಯ ಚಪ್ಪಲಿಯ ವಿಷಯ ನೆನಪಾಗಿರಬೇಕು, ಅಲ್ಲಿಂದ ಹೊರಟುಹೋದರು.

ಗುರುವಾರ ಜೆಸಿಬಿ ಬಲಮಗ್ಗುಲಿನಲ್ಲಿ ಮೊದಲು ಒಂದು ಉದ್ದನೆಯ ಗುಂಡಿ ತೆಗೆಯಬೇಕಿತ್ತು. ಈಗ ಎತ್ತರವಿರುವ ಆ ಮಗ್ಗುಲನ್ನು ನೋಟ್‌ಬುಕ್ಕಿನಂತೆ ತಗ್ಗು ಮಾಡಬೇಕಲ್ಲ, ಕೆಳಗೆ ಎಂಥ ಮಣ್ಣಿದೆ ಎಂದು ನೋಡಲು. ಅಪ್ಪ ಮಡಿಸುವ ಕುರ್ಚಿ ತಂದು ಹಾಕಿಕೊಂಡು ಕುಳಿತಿದ್ದ. ಮೊದಲು ಕೆಂಪು ಮಣ್ಣು ಬಂತು, ಹೊರಗಿನಿಂದ ತಂದು ತುಂಬಿದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಎದೆಮಟ್ಟದ ಆಳಕ್ಕೆ ಹೋದಾಗ ಮಣ್ಣಿನ ಬಣ್ಣ ಬದಲಾಗಿ ಕಪ್ಪು ಜೇಡಿ ಬಂತು. ಜೆಸಿಬಿಯವನು ಅಲ್ಲಿಗೇ ನಿಲ್ಲಿಸಿ ಇಣುಕಿದ. ಗುಂಡಿಯ ತಳದಲ್ಲಿ ನೀರು ಒಸರುತ್ತಿತ್ತು, ಜೇಡಿಯಲ್ಲಿ ಏನೋ ಗೂಟದ ತಲೆ ಕಾಣುತ್ತಿತ್ತು.

ನಾನು ಯಾರನ್ನೂ ಕೇಳದೆ ಗುಂಡಿಗೆ ಇಳಿದೆ. ಪಾದ ಮುಳುಗುವಷ್ಟು ತಣ್ಣನೆಯ ನೀರು, ಬಾಯಿಗೆ ಸಿಡಿದದ್ದಕ್ಕೆ ಕಬ್ಬಿಣದ ರುಚಿ. ಕೈಯಿಂದ ಜೇಡಿ ತೋಡಿದೆ. ಮರದ ಗೂಟ, ಕಪ್ಪಾಗಿತ್ತು, ಕೊಳೆತಿರಲಿಲ್ಲ. ಸದಾ ಒದ್ದೆಯಲ್ಲೇ ಹುಗಿದಿದ್ದ ಮರ ಕೊಳೆಯುವುದಿಲ್ಲ ಎಂದು ತಾತನೇ ಹೇಳುತ್ತಿದ್ದ. ಅದರ ಪಕ್ಕ ಇನ್ನೊಂದು, ಆಮೇಲೆ ಇನ್ನೊಂದು, ಒಟ್ಟು ಒಂಬತ್ತು, ಸಾಲಾಗಿ. ಒಂದೊಂದರ ಮೇಲೂ ಕತ್ತಿಯ ಕಚ್ಚು. ಅಂಕಿ ಬರೆಯಲು ಬಾರದ ತಾತ ಒಂದು ಗೇಣು ಎತ್ತರಕ್ಕೆ ಒಂದು ಕಚ್ಚು, ಅರ್ಧ ಗೇಣಿಗೆ ಒಂದು ಓರೆ ಕಚ್ಚು ಹಾಕುತ್ತಿದ್ದ. ನನಗೂ ಚಿಕ್ಕವಳಿದ್ದಾಗ ಅದನ್ನೇ ಕಲಿಸಿದ್ದ, ಶಾಲೆಯ ಅಂಕಿಗಿಂತ ಮೊದಲು.

ನಾನು ಕೆಳಗಿನಿಂದ ಕಚ್ಚುಗಳನ್ನು ಕೂಗಿ ಹೇಳಿದೆ. ಹಳ್ಳದ ಕಡೆಯ ಗೂಟಕ್ಕೆ ಒಂದು, ಅದರ ಪಕ್ಕದ್ದಕ್ಕೆ ಒಂದೂವರೆ, ಆಮೇಲೆ ಎರಡು, ಹೀಗೆ ಎಡಕ್ಕೆ ಹೋದಂತೆ ಏರುತ್ತಾ ಐದು. ನಕ್ಷೆ ಮೇಡಂ ಹಲಗೆಯ ಮೇಲೆ ಗುರುತು ಮಾಡುತ್ತಿದ್ದವರು ನಡುವೆ ನಿಂತರು. ಪಿನ್ನುಗಳನ್ನು ಕಿತ್ತು ಹಾಳೆಯನ್ನು ಸರಿಯಾದ ಮಗ್ಗುಲಿಗೆ, ಅಕ್ಷರ ಮೇಲಾಗಿ ಹಾಸಿದರು. ಮತ್ತೊಮ್ಮೆ ಹೇಳಿ ಎಂದರು. ಹೇಳಿದೆ. ಹಾಳೆಯಲ್ಲಿ ಇದ್ದದ್ದು ಅದೇ, ಬಲಕ್ಕೆ ತಗ್ಗು, ಎಡಕ್ಕೆ ಏರು.

"ಯಜಮಾನರೇ," ಎಂದು ಅಪ್ಪನ ಕಡೆ ತಿರುಗಿದರು. "ನಿಮ್ಮ ತಂದೆ ಇದನ್ನ ಮೊದಲು ಸರಿಯಾಗೇ ಓದಿದಾರೆ. ಸರಿಯಾಗೇ ಗೂಟ ಹೊಡೆದಿದಾರೆ."

ಅಪ್ಪ ಕುರ್ಚಿಯಿಂದ ಎದ್ದು ಗುಂಡಿಯ ಅಂಚಿಗೆ ಬಂದು ಕುಕ್ಕರಗಾಲಿನಲ್ಲಿ ಕುಳಿತ. ಗೂಟಗಳ ಆಚೆ, ಜೇಡಿಯ ಕೆಳಗೆ, ನನ್ನ ಕೈಗೆ ಚಪ್ಪಡಿ ಕಲ್ಲು ತಗುಲಿತು. ಕಲ್ಲಿಗೆ ಕಲ್ಲು ಕೂಡಿಸಿ ಮುಚ್ಚಿದ ಕಾಲುವೆ. ಒಂದು ಕಲ್ಲು ಸರಿಸಿದಾಗ ಒಳಗೆ ತಿಳಿನೀರು ಹಳ್ಳದ ಕಡೆಗೆ ಓಡುತ್ತಿತ್ತು, ಎಂಬತ್ತು ವರ್ಷದಿಂದ ಯಾರಿಗೂ ಹೇಳದೆ ಓಡುತ್ತಲೇ ಇತ್ತು. ಆಗ ನನಗೆ ತಾತ ತಿರುಗಿ ಕೇಳಿದ್ದ ಪ್ರಶ್ನೆ ನೆನಪಾಯಿತು. ಅಲ್ಲಿ ಯಾವತ್ತಾದರೂ ನೀರು ನಿಂತದ್ದು ನೋಡಿದ್ದೀಯಾ. ನಾನು ಗುಂಡಿಯಲ್ಲಿ ನಿಂತೇ ಅತ್ತುಬಿಟ್ಟೆ, ಜೆಸಿಬಿಯವನು ಬೇರೆ ಕಡೆ ನೋಡಿದ.

ಇನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಕ್ಷೆಯಂತೆ ಕಟ್ಟಿದರೆ ಗ್ರೀನಿನ ತಗ್ಗು ಮಗ್ಗುಲು ಸರಿಯಾಗಿ ಊಟೆಯ ಬಾಯಿಯ ಮೇಲೆ ಬರುತ್ತಿತ್ತು. ಎರಡು ದಿನ ಒಣ ಹವೆಯಲ್ಲಿ ಓಡಾಡಿ ಹೋದವರಿಗೆ ಅದು ಕಂಡಿರಲಿಲ್ಲ. ಬಾವಿ ತೋಡುವವನಿಗೆ ಗೂಟ ಹೊಡೆದ ಮಾರನೆಯ ದಿನವೇ ಕಂಡಿತ್ತು. ಅವನು ಊಟೆಗೆ ಕಾಲುವೆ ಕಟ್ಟಿ, ಅದರ ಮೇಲೆ ಎದೆಮಟ್ಟ ಮಣ್ಣು ಏರಿಸಿ, ಹಾಳೆಯನ್ನು ಮಗುಚಿ, ತಗ್ಗನ್ನು ಒಣ ನೆಲಕ್ಕೆ ಸಾಗಿಸಿದ.

ನಕ್ಷೆ ಮೇಡಂಗೆ ಒಂದೇ ವಿಷಯ ಬಗೆಹರಿಯಲಿಲ್ಲ. ಇಷ್ಟು ತಿಳಿದವರು ಅದನ್ನೇ ಹೇಳಬಹುದಿತ್ತಲ್ಲ, ತಪ್ಪು ಮಾಡಿದೆ ಎಂದು ಏಕೆ ಹೇಳಿದರು ಎಂದು ಕೇಳಿದರು.

ಅಪ್ಪ ಗುಂಡಿಯ ಅಂಚಿನ ಕೆಂಪು ಮಣ್ಣನ್ನು ಅಂಗೈಗೆ ತೆಗೆದುಕೊಂಡು ಪುಡಿ ಮಾಡಿದ.

"ನೀವು ಓದಿದೋರು, ನಿಮಗೆ ಇದು ಗೊತ್ತಾಗಲ್ಲ," ಎಂದ. "ನಾನು ತಪ್ಪು ಮಾಡ್ದೆ ಅಂದ್ರೆ ಒಂದಿನ ಬೈತಾರೆ. ನಿಮ್ಮ ನಕ್ಷೆ ತಪ್ಪು ಅಂದ್ರೆ ಅವತ್ತೇ ಮನೆಗೆ ಕಳಿಸಿ, ಬೇರೆಯವ್ರ ಕೈಲಿ ನಕ್ಷೇಲಿದ್ದ ಹಾಗೇ ಕಟ್ಟಿಸ್ತಾರೆ, ಗ್ರೀನೂ ನೀರಲ್ಲಿ ಮುಳುಗುತ್ತೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ತಾತ ತನ್ನ ತಲೆಯ ವಸ್ತ್ರ ತೆಗೆದು, ತನ್ನ ಓದು ಬಾರದ ಸ್ಥಿತಿಯನ್ನೇ ಕೋಲು ಮಾಡಿಕೊಂಡಿದ್ದ. ನಿಂತವರೆಲ್ಲ ನಕ್ಕಾಗ ಅವನು ಒಳಗೊಳಗೆ ಏನೆಂದುಕೊಂಡನೋ. ಅವನ ಮಗ, ಮೊಮ್ಮಗಳು, ಮನೆಗೆ ಬಂದ ಸೊಸೆಯರು, ಎಲ್ಲರೂ ಆ ಕತೆಯನ್ನು ನಂಬಿ ಎಂಬತ್ತು ವರ್ಷ ನಾಚಿಕೊಂಡೆವು. ತಪ್ಪು ಮಾಡಿದ್ದರೆ ಅದು ನಾವು.

"ನಂಗಾದ್ರೂ ಹೇಳ್ಬಹುದಿತ್ತು," ಎಂದ ಅಪ್ಪ. ಅವನ ದನಿ ಚಿಕ್ಕ ಮಗುವಿನ ದನಿಯ ಹಾಗಿತ್ತು. ಆಮೇಲೆ ತಾನೇ, "ಹೇಳಿದ್ರೆ ಆ ಮೇಷ್ಟ್ರ ಮುಂದೆ ನಾನು ಬಾಯಿ ಬಿಡ್ತಿದ್ದೆ. ಅಪ್ಪನ ಕೆಲಸ ಹೋಗ್ತಿತ್ತು. ಅವನು ನನ್ನನ್ನೂ ಸರಿಯಾಗೇ ಓದ್ಕೊಂಡಿದ್ದ," ಎಂದು ನಕ್ಕ, ಕಣ್ಣು ಒರೆಸಿಕೊಂಡ.

ಅಷ್ಟರಲ್ಲಿ ಸುದ್ದಿ ಕೇಳಿ ಮ್ಯಾನೇಜರು ಓಡಿಬಂದರು. ಅವರಿಗೆ ಊಟೆ, ಗೂಟ, ಕಚ್ಚು ಯಾವುದೂ ತಲೆಗೆ ಹತ್ತಲಿಲ್ಲ. ಹಾಗಾದರೆ ನೋಟ್‌ಬುಕ್ಕಿನಲ್ಲಿ ಇರುವಂತೆ ಮಾಡುವುದೋ ಬೇಡವೋ ಎಂದಷ್ಟೇ ಕೇಳಿದರು.

"ಮಾಡಬಹುದು ಸಾರ್," ಎಂದರು ನಕ್ಷೆ ಮೇಡಂ. "ಆಮೇಲೆ ಅಲ್ಲಿ ಮೀನು ಸಾಕಬೇಕಾಗುತ್ತೆ."

ಗುಂಡಿಯನ್ನು ಅಂದೇ ಮುಚ್ಚಿದೆವು. ಎಂಟು ಗೂಟಗಳನ್ನು ಇದ್ದಲ್ಲೇ ಬಿಟ್ಟೆವು, ಕೆಲಸ ಮುಗಿಸಿ ಮಲಗಿದವರನ್ನು ಏಕೆ ಎಬ್ಬಿಸಬೇಕು. ಒಂದನ್ನು ಮಾತ್ರ, ಐದು ಕಚ್ಚಿನದನ್ನು, ಅಪ್ಪ ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದ. ನನ್ನ ಹುಲ್ಲಿನ ತುಂಡುಗಳು ಗುರುತಿನ ಕಡ್ಡಿಯ ಪ್ರಕಾರ ತಮ್ಮ ತಮ್ಮ ಜಾಗಕ್ಕೆ ಹೋದವು. ಮ್ಯಾನೇಜರು ಈ ಸಲ ಉಪಚಾರದ ಮಾತು ಎತ್ತಲಿಲ್ಲ, ತಾವೇ ನೀರಿನ ಪೈಪು ಹಿಡಿದು ನಿಂತರು. ಬೂಟಿನ ಕಾಲಿನಲ್ಲಿ ಅಂಚು ತುಳಿದದ್ದಕ್ಕೆ ಒಂದು ಬೈಗುಳ ತಿಂದರು, ಅದು ಬೇರೆ.

ಹೋಟೆಲಿನ ಮುಂದಿನ ಕೋಣೆಯಲ್ಲಿ ಈಗ ಒಂಬತ್ತು ಹಾಳೆಗಳೂ ಇವೆ. ಎಂಟನ್ನು ಗೋಡೆಗೆ ಹಾಕಿದ್ದಾರೆ. ಏಳನೆಯದು ಮಾತ್ರ ಎರಡು ಗಾಜಿನ ನಡುವೆ, ಕೋಣೆಯ ಮಧ್ಯದಲ್ಲಿ, ಸುತ್ತ ನಡೆದು ಎರಡೂ ಕಡೆಯಿಂದ ನೋಡುವಂತೆ ನಿಂತಿದೆ. ಪುಸ್ತಿಕೆಯ ಆ ಪುಟದಲ್ಲಿ ನಕ್ಷೆ ಮೇಡಂ ಒಂದು ಸಾಲು ಸೇರಿಸಿದರು: ನಕ್ಷೆ ಬರೆದವರು ಅವರು, ಅದನ್ನು ತಿಳಿದೇ ಮಗುಚಿ ಕಟ್ಟಿದವರು ಬಾವಿ ತೋಡುವ ಮೇಸ್ತ್ರಿ. ಆ ಪುಸ್ತಿಕೆ ನಮ್ಮ ಮನೆಯ ಮೇಜಿನ ಮೇಲೆ ಮುಖ ಮೇಲಾಗಿ ಇದೆ. ಬಂದವರು ಕೇಳದಿದ್ದರೂ ಅಪ್ಪ ಆ ಸಾಲು ಓದಿ ಹೇಳುತ್ತಾನೆ.

ಬೇರು ಹಿಡಿಯಲು ಮೂರು ವಾರ ಬೇಕಾಯಿತು. ಏಳನೆಯದನ್ನು ಮತ್ತೆ ತೆರೆಯುವ ಬೆಳಗ್ಗೆ ಕುಳಿ ನಾನೇ ತೆಗೆಯುತ್ತೇನೆ ಎಂದು ಅಪ್ಪ ಹಟ ಹಿಡಿದ. ಬಿಸಿಲು ಇನ್ನೂ ಮರದ ತುದಿಯಲ್ಲಿತ್ತು. ಕತ್ತರಿ ಹಿಡಿದು ಬಂದವನು ನನ್ನನ್ನು ನೋಡಿ ನಿಂತ. ನನ್ನ ಸ್ವೆಟರು ಒಳಹೊರಗಾಗಿತ್ತು, ಹೊಲಿಗೆಯೆಲ್ಲ ಮೇಲೆ ಕಾಣುತ್ತಿತ್ತು. ಅವನ ಬಾಯಿಗೆ ಆ ಹಳೇ ಮಾತು ಬಂತು, ನನಗೆ ಕಂಡಿತು. ಅವನು ಅದನ್ನು ನುಂಗಿಕೊಂಡ.

"ಯಾಕೆ ಹಾಗೆ ಹಾಕ್ಕೊಂಡಿದ್ದೀಯ?" ಎಂದು ಕೇಳಿದ.

ನಮ್ಮ ಮನೆಯಲ್ಲಿ ಒಬ್ಬರು ಇನ್ನೊಬ್ಬರನ್ನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಮಿಷನ್ನಿನ ಗ್ರೀಸು ಹೊರಗಡೆಯೆಲ್ಲ ಆಗೋಗಿದೆ ಅಪ್ಪ. ಅತಿಥಿಗಳು ಬರ್ತಾರೆ ಅಂತ ಬೇಕಂತಲೇ ತಿರುಗಿಸಿ ಹಾಕ್ಕೊಂಡೆ."

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಏಳನೇದು ಅಂದ್ರೆ ಇದು ಕಣೇ," ಎಂದು ಹೇಳಿ, ಮಂಡಿಯೂರಿ, ಕತ್ತರಿಯನ್ನು ಹುಲ್ಲಿಗೆ ಒತ್ತಿದ.